ಬೆಲ್ಲ ಬೆಳ್ಳಗಾಗಿಸುವ ಪುಡಿ

ನಮ್ಮ ಬಚ್ಚಲುಮನೆಯ ಕನ್ನಡಿಯ ಕೆಳಗೆ ಒಂದು ಸಣ್ಣ ಹಲಗೆಯಿದೆ. ಇವತ್ತು ಬೆಳಿಗ್ಗೆ ಅದರ ಮೇಲೆ ಹಿಂಡಿಟ್ಟ ಅರ್ಧ ನಿಂಬೆಹಣ್ಣು, ಅಡುಗೆ ಸೋಡಾದ ಡಬ್ಬಿ, ನೀರು ತುಂಬಿದ ಲೋಟದೊಳಗೆ ನಮ್ಮಕ್ಕನ ಹಲ್ಲುಸೆಟ್ಟು, ಮೂರೂ ಸಾಲಾಗಿ ಕೂತಿದ್ದವು. ನಿಂಬೆ, ಸೋಡಾ ನನ್ನ ಮಗಳದು. ಭಾನುವಾರ ಅವಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ. ಮೊಬೈಲಿನಲ್ಲಿ ಯಾವಳೋ ಪುಣ್ಯಾತ್ಗಿತ್ತಿ ಮನೆಯಲ್ಲೇ ಹಲ್ಲು ಬೆಳ್ಳಗೆ ಮಾಡಿಕೊಳ್ಳುವ ವಿದ್ಯೆಯನ್ನು ಧಾರೆಯೆರೆದಿದ್ದಾಳೆ. ಅಕ್ಕ ಮದ್ದೂರಿನಿಂದ ಬಂದಿರುವುದೂ ಅದೇ ಭಾನುವಾರಕ್ಕಾಗಿ. "ಬ್ಯಾಡ ಕಣೆ, ಬುಡು" ಎಂದೆ. "ಎಲ್ರೂ ಮಾಡ್ಕೊತಾರೆ ಕಣಮ್ಮ, ನೀನೊಬ್ಳು!" ಎಂದು ಮಗಳು ಬ್ರಷ್ಷು ತೊಳೆಯತೊಡಗಿದಳು. ನಾನು ಅವಳ ಮುಂಗೈ ಹಿಡಿದುಕೊಂಡೆ. ಯಾಕೆಂದು ಮೂವತ್ತು ವರ್ಷದಿಂದ ಯಾರಿಗೂ ಹೇಳಿರಲಿಲ್ಲ, ಇವತ್ತು ಹೇಳಿದೆ.

ಮಳವಳ್ಳಿ ಕಡೆಯ ನಮ್ಮೂರಿನಲ್ಲಿ ಬೋರಿನ ನೀರು ಕುಡಿದು ಬೆಳೆದವರ ಹಲ್ಲಿಗೆಲ್ಲ ಕಂದು ಪಟ್ಟೆ. ಎಲ್ಲರ ಬಾಯಿಯೂ ಒಂದೇ ಬಣ್ಣವಾದ್ದರಿಂದ ಊರೊಳಗೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಹೊರಗಿನವರು ಹೆಣ್ಣು ನೋಡಲು ಬಂದಾಗ ಮಾತ್ರ ಕಾಣುತ್ತಿತ್ತು. ಅಕ್ಕನೋ ವಾಚಾಳಿ, ಅವಳು ನಕ್ಕರೆ ಹಿತ್ತಲಿನ ಎಮ್ಮೆ ಮೇವು ಬಿಟ್ಟು ತಲೆಯೆತ್ತುತ್ತಿತ್ತು. ಆ ನಗುವಿಗೇ ಎರಡು ಸಂಬಂಧ ತಪ್ಪಿಹೋದವು. ಒಲೆಯ ಬೂದಿ, ಇದ್ದಿಲು, ಉಪ್ಪು, ಹೆಂಚಿನ ಪುಡಿ, ಪಾಪ, ಅವಳು ಉಜ್ಜದೆ ಬಿಟ್ಟದ್ದಿಲ್ಲ. ಮೂರನೆಯವರು ಬರುವ ಹಿಂದಿನ ದಿನ ನನಗೊಂದು ಉಪಾಯ ಹೊಳೆಯಿತು.

ನಮ್ಮದು ಆಲೆಮನೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಪಾಕಕ್ಕೆ ಬರುವಾಗ ಅಪ್ಪ ಡಬ್ಬಿಯಿಂದ ಬಿಳಿಯ ಪುಡಿಯೊಂದನ್ನು ಎರಚುತ್ತಿದ್ದ. ನೋಡನೋಡುತ್ತಿದ್ದಂತೆ ಕಪ್ಪಗಿದ್ದದ್ದು ಹೊಂಬಣ್ಣಕ್ಕೆ ತಿರುಗುತ್ತಿತ್ತು. ಕಪ್ಪು ಬೆಲ್ಲವೇ ರುಚಿಯೆಂದು ನಮಗೆ ಗೊತ್ತಿತ್ತು, ಮನೆಗೆ ಇಟ್ಟುಕೊಳ್ಳುತ್ತಿದ್ದದ್ದೂ ಅದನ್ನೇ. ಆದರೆ ಮಂಡ್ಯದ ಮಂಡಿಯಲ್ಲಿ ಅದನ್ನು ಯಾರೂ ಮೂಸಿ ನೋಡುತ್ತಿರಲಿಲ್ಲ. "ಬೆಲ್ಲಕ್ಕೆ ಆಗೋದು ಹಲ್ಲಿಗೆ ಆಗಕಿಲ್ವಾ ಅಕ್ಕ?" ಎಂದು ಕೇಳಿದವಳು ನಾನು. ಅಪ್ಪನ ಕಣ್ಣು ತಪ್ಪಿಸಿ ಪುಡಿಯನ್ನು ಕಾಗದದಲ್ಲಿ ಕಟ್ಟಿ ತಂದವಳೂ ನಾನು. ಅಕ್ಕ ಉಜ್ಜಿದಳು, ಚೆನ್ನಾಗಿ ಹತ್ತಲೆಂದು ಬಾಯಲ್ಲೇ ಇಟ್ಟುಕೊಂಡಳು. ಮರುದಿನಕ್ಕೆ ವಸಡೆಲ್ಲ ಬೆಂದು, ನಾಲಿಗೆ ಹೊರಳದಂತಾಯಿತು. ಹಲ್ಲು ಮಾತ್ರ ಹಾಗೇ ಕಂದು ಬಣ್ಣದಲ್ಲೇ ಇತ್ತು.

ಬಂದವರ ಮುಂದೆ ಅಕ್ಕ ತಲೆ ಬಗ್ಗಿಸಿ ಕೂತಳು. ಕೇಳಿದ್ದಕ್ಕೆಲ್ಲ ಕತ್ತು ಆಡಿಸಿದಳೇ ಹೊರತು ಬಾಯಿ ತೆರೆಯಲಿಲ್ಲ. ಗಂಡಿನ ತಾಯಿಗೆ ಹಿಡಿಸಿದ್ದು ಅದೇ. "ಮಾತು ಕಮ್ಮಿ. ನಮ್ಮನೆಗೆ ಇಂತಾ ಹೆಣ್ಣೇ ಬೇಕಾಗಿತ್ತು" ಎಂದರು. ಅಪ್ಪ ಅಲ್ಲೇ ತಾಂಬೂಲ ಬದಲಾಯಿಸಿದ. ನನ್ನ ಉಪಾಯ ಫಲಿಸಿತೆಂದು ನಾನು ಕುಣಿದೆ!

ಮೊದಲ ಹಬ್ಬಕ್ಕೆ ತವರಿಗೆ ಬಂದಾಗ ಅಕ್ಕನಿಗೆ ನಗು ಬಂದರೆ ಕೈ ಬಾಯಿಗೆ ಹೋಗುತ್ತಿತ್ತು. ಬರುಬರುತ್ತ ಕೈಗೂ ಕೆಲಸ ಕಡಿಮೆಯಾಯಿತು. ಮಾತು ಕಮ್ಮಿಯೆಂದು ಒಪ್ಪಿ ಕರೆದೊಯ್ದವರು ಅವಳನ್ನು ಹಾಗೆಯೇ ಇರಿಸಿಕೊಂಡರು. ಮನೆಗೆಂದು ಇಟ್ಟುಕೊಳ್ಳುವ ಬೆಲ್ಲದಂಥವಳು ನಮ್ಮಕ್ಕ. ಅವಳನ್ನೂ ಮಂಡಿಗೆ ಸಾಗಿಸುವಂತೆ ಬಣ್ಣ ತೆಗೆದು ಸಾಗಿಸಿದೆವಲ್ಲ. ಆ ಕಂದು ಹಲ್ಲುಗಳು ಒಂದೊಂದಾಗಿ ಉದುರಿ, ಹೋದ ವರ್ಷ ಈ ಸೆಟ್ಟು ಕಟ್ಟಿಸಿದ್ದಾಯಿತು.

ಇಷ್ಟನ್ನೂ ಮಗಳ ಮುಂಗೈ ಹಿಡಿದುಕೊಂಡೇ ಹೇಳಿದೆ. ತಿರುಗಿದರೆ ಬಾಗಿಲಲ್ಲಿ ಅಕ್ಕ, ಬೋಳು ಬಾಯಿಗೆ ಸೆರಗು ಹಿಡಿದು ನಿಂತಿದ್ದಳು. "ತೆಪ್ಪು ನಂದು ಕಣಕ್ಕ" ಎಂದೆ.

"ಬಾಯುರಿ ಎಂಟು ದಿನಕ್ಕೆಲ್ಲ ವಾಸಿ ಆಯ್ತು ಕಣೆ" ಎಂದಳು ಅಕ್ಕ. "ಆಮೇಕೆ ಮಾತಾಡ್ಬೋದಿತ್ತು. ಯಾರೂ ಕೇಳ್ನಿಲ್ಲ."

ಮಗಳು ನಿಂಬೆಹಣ್ಣನ್ನು ಕಸದ ಬುಟ್ಟಿಗೆ ಹಾಕಿದಳು. ಲೋಟವನ್ನು ಅಕ್ಕನ ಕೈಗೆ ಕೊಟ್ಟು, "ದೊಡ್ಡಮ್ಮ, ಒಂದ್ಸಲ ನಗು ನೋಡಾಣ" ಎಂದಳು. ಅಕ್ಕ ಹಲ್ಲು ಹಾಕಿಕೊಂಡಳು. ಮಂಡಿಯವರೂ ಬೆರಗಾಗುವಷ್ಟು ಬಿಳುಪು, ಒಂದು ಕಲೆಯಿಲ್ಲ. ಕನ್ನಡಿ ನೋಡಿಕೊಂಡು ತುಟಿ ಅರಳಿಸಿದಳು. ಅರಳುವ ಮೊದಲೇ ಕೈ ತಾನಾಗಿ ಮೇಲೆದ್ದು ಬಾಯಿಯನ್ನು ಮುಚ್ಚಿತು.