ಮಾತಾದ ಮೇಲೆ ಬಂದ ಉಸಿರು

ಇದನ್ನು ನೀವು ನಂಬುವುದಿಲ್ಲ. ತಪ್ಪು ನಿಮ್ಮದಲ್ಲ, ನನ್ನ ಗಂಟಲಿನದು. ಹೆಡ್‌ಮಾಸ್ತರರ ಧ್ವನಿಯಲ್ಲಿ ಇಡೀ ಶಾಲೆಗೆ ರಜೆ ಕೊಟ್ಟವನು ನಾನು. ಮುದ್ದೇಬಿಹಾಳದ ಬಸ್ಸಿಗೆ ‘ರೈಟ್!’ ಎಂದು ಕೂಗಿ, ಕಂಡಕ್ಟರನನ್ನು ಇಂಡಿ ಸ್ಟ್ಯಾಂಡಿನಲ್ಲೇ ಬಿಟ್ಟು ಬಸ್ಸು ಹೊರಡಿಸಿದವನು ನಾನು. ಕನ್ಯೆ ನೋಡಲು ಹೋದಲ್ಲಿ ಮಾವನಾಗಬೇಕಿದ್ದವರ ಎದುರೇ ಅವರಂತೆ ಕೆಮ್ಮಿ, ಉಪ್ಪಿಟ್ಟು ಮುಗಿಯುವ ಮೊದಲೇ ಹೊರಬಿದ್ದವನೂ ನಾನೇ.

ಆದರೂ ಹೇಳುತ್ತೇನೆ... ಮನಗೂಳಿಯಲ್ಲಿ ಆ ರಾತ್ರಿ ಎರಡನೇ ಸಲ ಕರೆದದ್ದು ನಾನಲ್ಲ.

ಗೊಳಸಂಗಿಯ ಸಂಗಪ್ಪ ಮಾಸ್ತರರು ಪೇಟಿ ನುಡಿಸುತ್ತಿದ್ದರು. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಅಂತಲೇ ಅನ್ನುವುದು. ನಾಟಕ ಕಂಪನಿಯಲ್ಲಿ ಕಾಲ್ಪೇಟಿ ತುಳಿಯುತ್ತ ಕಲಿತು, ಆಮೇಲೆ ನಲವತ್ತು ವರ್ಷ ಸಿಂದಗಿಯ ಮಡಿವಾಳಯ್ಯ ಗವಾಯಿಗಳ ಹಾಡಿಗೆ ಸಾಥ್ ಕೊಟ್ಟವರು. ವರ್ಷಕ್ಕೊಮ್ಮೆ ಮನಗೂಳಿಯ ಶಾಲೆಯ ಬಯಲಿನಲ್ಲಿ ಅಹೋರಾತ್ರಿ ಸಂಗೀತ ಸಮ್ಮೇಳನ ನಡೆಸುತ್ತಿದ್ದವರೂ ಅವರೇ. ಹಂದರ ಹಾಕಿಸುವುದು, ತಬಲಾದವರನ್ನು ಬಸ್ಸಿನಿಂದ ಇಳಿಸಿಕೊಳ್ಳುವುದು, ಯಾರು ಮೊದಲು ಹಾಡಬೇಕೆಂಬ ಜಗಳ ಬಿಡಿಸುವುದು ಎಲ್ಲ ಅವರದು. ಕರಪತ್ರದಲ್ಲಿ ಮಾತ್ರ ಅವರ ಹೆಸರು ಛಾಪಖಾನೆಯ ಹೆಸರಿಗಿಂತ ಒಂದೇ ಸಾಲು ಮೇಲೆ.

ನನ್ನ ಕೆಲಸ? ಒಬ್ಬರು ಹಾಡಿ ಎದ್ದು ಇನ್ನೊಬ್ಬರು ತಂಬೂರಿ ಹೊಂದಿಸುವ ತನಕ, ಜನ ಮನೆ ಕಡೆ ಹೋಗದಂತೆ ಮೈಕ್ ಹಿಡಿದು ಮಂಗನಾಟ ಆಡುವುದು.

ಗವಾಯಿಗಳಿಗೊಂದು ರೂಢಿಯಿತ್ತು. ಕೂತ ಮೇಲೆ ಒಂದು ಲವಂಗ ಜಗಿದು, ಪಕ್ಕಕ್ಕೆ ತಿರುಗಿಯೂ ನೋಡದೆ ‘ಹಾಂ... ಬರ್ರಿ ಮಾಸ್ತರ’ ಅನ್ನುವರು. ಆಮೇಲೆಯೇ ಪೇಟಿಯ ಮೊದಲ ಸ್ವರ. ಅವರು ಅನ್ನದೆ ಮಾಸ್ತರರ ಬೆರಳು ಎಂದೂ ಕೆಳಗಿಳಿದದ್ದಿಲ್ಲ. ನಾನು ಅದನ್ನೂ ಬಿಟ್ಟಿರಲಿಲ್ಲ, ಮಾಸ್ತರರ ಮುಂದೆಯೇ ಅಂದು ತೋರಿಸುತ್ತಿದ್ದೆ.

“ಗುರ್‍ಯಾ, ಧ್ವನಿ ಹಂಗಽ ಐತಿ,” ಎಂದಿದ್ದರು ಮಾಸ್ತರರು ಒಮ್ಮೆ. “ಆದ್ರ ಉಸಿರು ತಪ್ಪೈತಿ. ನೀ ಮೊದಲ ಉಸಿರು ತಗೊಂಡು ‘ಬರ್ರಿ’ ಅಂತಿ. ಅವ್ರು ಅಂದಮ್ಯಾಲ ತಗೋತಾರ. ನಲವತ್ತು ವರ್ಷ ಆ ಉಸಿರಿನ ಹಿಂದಽ ಹೊಂಟೇನಿ, ನನಗ ತಿಳೀದಿಲ್ಲೇನು?”

“ಹಂಗಾರ ಕಲಸ್ರಿ ಮತ್ತ.”

“ಬರೂದಿಲ್ಲಪಾ. ಎದಿ ಬ್ಯಾರೆ.”

ಎಮರ್ಜೆನ್ಸಿಯ ಹಿಂದಿನ ವರ್ಷ ಗವಾಯಿಗಳು ತೀರಿಕೊಂಡರು. ಸಮ್ಮೇಳನ ಹತ್ತಿರ ಬಂದಿತ್ತು. ಕಮಿಟಿಯ ಮಲ್ಲಪ್ಪ, ಹತ್ತಿ ವ್ಯಾಪಾರದವನು, ಮಾಸ್ತರರ ಕಟ್ಟೆಯ ಮೇಲೆ ಕೂತು ಮಾತು ತೆಗೆದ.

“ಗವಾಯಿ ಇಲ್ಲದ ಮ್ಯಾಲ ಯಾರು ಕೇಳ್ತಾರ್ರೀ? ಈ ಸಲ ಒಂದು ಆರ್ಕೆಸ್ಟ್ರಾ ತರಸೂಣು.”

“ಮೊದಲನೇ ಕಛೇರಿ ನಂದು. ಒಬ್ಬಽ ನುಡಸ್ತೇನಿ,” ಎಂದರು ಮಾಸ್ತರರು.

“ಆತು. ಆದ್ರ ಜನ ಎದ್ದು ಹೋದ್ರ, ಸಮ್ಮೇಳನ ಅವತ್ತಿಗಽ ಬಂದ್. ಆಮ್ಯಾಲ ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ.”

ನಾನು ಹೊರಟಾಗ ಮಾಸ್ತರರ ಹೆಂಡತಿ ನೀಲವ್ವ ಹಿತ್ತಲ ಬಾಗಿಲಲ್ಲಿ ಹಿಡಿದರು. “ದಿನಾ ಪೇಟಿ ಮುಂದ ಕುಂಡ್ರತಾರ. ತಿದಿ ಬಿಚ್ಚತಾರ, ಮುಚ್ಚತಾರ. ಒಂದು ಸ್ವರ ಬರವಲ್ದಪಾ...”

ಆ ರಾತ್ರಿ ಚಳಿಯಿತ್ತು. ಬಯಲಿನ ತುಂಬ ಬೆಲ್ಲದ ಚಹಾದ ವಾಸನೆ, ಬೀಡಿ ಹೊಗೆ. ನಾನು ಹೆಸರು ಕೂಗಿ ಪರದೆಯ ಹಿಂದೆ ಸರಿದೆ. ಮಾಸ್ತರರು ಬಂದು ಕೂತರು... ನಡುವೆ ಅಲ್ಲ. ಗವಾಯಿಗಳು ಕೂರುತ್ತಿದ್ದ ನಡುವಿನ ಜಮಖಾನೆ ಖಾಲಿ ಬಿಟ್ಟು, ಎಂದಿನಂತೆ ಅದರ ಪಕ್ಕಕ್ಕೆ.

ಎಡಗೈ ತಿದಿಯ ಮೇಲೆ. ಬಲಗೈ ಸ್ವರದ ಮನೆಗಳ ಮೇಲೆ, ಮುಟ್ಟದೆ.

ಒಂದು ನಿಮಿಷ ಹೋಯಿತು. ಐದು ನಿಮಿಷ. ಯಾರೋ ಸೀಟಿ ಹೊಡೆದರು. ಕಾದ ಹಂಚಿನ ಮೇಲೆ ಹಿಡಿದಂತೆ ಅವರ ಬೆರಳು ಮೇಲೆಯೇ ಇತ್ತು, ಇಳಿಯುತ್ತಿರಲಿಲ್ಲ. ಹಿಂದಿನ ಎರಡು ಸಾಲು ಎದ್ದವು. ಮುಂದೆ ಕೂತಿದ್ದ ಮಲ್ಲಪ್ಪ ಸಾವಕಾಶವಾಗಿ ಚಪ್ಪಲಿ ಹುಡುಕತೊಡಗಿದ.

ನನಗೆ ನೋಡಲಾಗಲಿಲ್ಲ. ಮೈಕ್ ಕೈಯಲ್ಲಿಯೇ ಇತ್ತು. ಉಸಿರು ಎಳೆದುಕೊಂಡೆ.

“ಹಾಂ... ಬರ್ರಿ ಮಾಸ್ತರ.”

ಎದ್ದವರು ಎದ್ದಲ್ಲೇ ಕೂತರು. ಮಾಸ್ತರರು ತಿರುಗಲಿಲ್ಲ, ಅವರ ಮೀಸೆ ಮಾತ್ರ ಸ್ವಲ್ಪ ಅಲುಗಿತು. ನನ್ನ ತಪ್ಪು ಉಸಿರು ಅವರ ಕಿವಿಗೆ ಸಿಕ್ಕಿತ್ತು. ಆದರೂ ಬೆರಳು ಇಳಿಯಿತು.

ನುಡಿಸಿದರು. ಹೇಗೆ ಹೇಳಲಿ... ಹಾಡಿನ ಒಂದು ಸಾಲಿನಷ್ಟು ಸುಮ್ಮನಿರುವರು, ಆಮೇಲೆ ಅದನ್ನು ಹಿಂಬಾಲಿಸಿದಂತೆ ನುಡಿಸುವರು. ಮತ್ತೆ ಸುಮ್ಮನೆ. ಮತ್ತೆ ಹಿಂಬಾಲು. ಯಾರೂ ಹಾಡದ ಜಾಗಕ್ಕೆ ಜನ ತಲೆದೂಗುತ್ತಿದ್ದರು. ನಾನೂ.

ಆಗ ಕರೆಂಟು ಹೋಯಿತು.

ಮೈಕ್ ಸತ್ತಿತು. ಕತ್ತಲಲ್ಲಿ ಪೇಟಿ ಮಾತ್ರ ನಡೆದಿತ್ತು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ಎಲ್ಲಿಂದಲೋ ಲವಂಗದ ವಾಸನೆ... ಆಗ ತಾನೇ ಜಗಿದದ್ದು.

ನನ್ನ ನಾಲಿಗೆಯ ಮೇಲೆ ನನಗೇ ನಂಬಿಕೆಯಿಲ್ಲ. ಎರಡೂ ಅಂಗೈಗಳಿಂದ ಬಾಯಿ ಗಟ್ಟಿಯಾಗಿ ಒತ್ತಿ ಹಿಡಿದೆ. ಈ ಒಂದು ಮಾತನ್ನಾದರೂ ನಂಬಿರಿ.

ಖಾಲಿ ಜಮಖಾನೆಯ ಕಡೆಯಿಂದ, ಮೈಕ್ ಇಲ್ಲದೆಯೇ...

“ಹಾಂ... ಬರ್ರಿ ಮಾಸ್ತರ.”

ಅದಾದ ಮೇಲೆ ಉಸಿರು. ನಿಧಾನವಾಗಿ, ಉದ್ದಕ್ಕೆ ಎಳೆದುಕೊಂಡ ಉಸಿರು.

“ಬಂದ್ನಿ,” ಎಂದರು ಮಾಸ್ತರರು.

ಪೇಟಿಯ ಕೊಂಡಿ ಬಿದ್ದ ಸಣ್ಣ ಸದ್ದು. ಅಷ್ಟೇ.

ಗ್ಯಾಸ್ ಬತ್ತಿ ಬಂದಾಗ ಮಾಸ್ತರರ ಹಣೆ ಪೇಟಿಯ ಮೇಲಿತ್ತು. ಕಛೇರಿ ಮುಗಿದಾಗ ಮಾಡುವಂತೆ ತಿದಿ ಮುಚ್ಚಿ ಕೊಂಡಿ ಹಾಕಿತ್ತು. ನೀಲವ್ವ ಬಂದು ಭುಜ ಅಲುಗಿಸಿದರು. ಮಾಸ್ತರರು ಏಳಲಿಲ್ಲ.

ಮಲ್ಲಪ್ಪ ನನ್ನ ಕಾಲರ್ ಹಿಡಿದ. “ಒಮ್ಮೆ ಕರದದ್ದು ಸಾಲಲಿಲ್ಲೇನಲೇ? ಮತ್ತೊಮ್ಮೆ ಕರದಿ? ಮುದುಕನ ಎದಿ ಒಡೀತು ನೋಡು!”

“ನಾನಲ್ರೀ...”

ಹುಟ್ಟಿದಾಗಿನಿಂದ ಸ್ವಂತ ಧ್ವನಿಯಲ್ಲಿ ಮಾತಾಡಿದ್ದೇ ಕಡಿಮೆ. ಅವತ್ತು ಮಾತಾಡಿದೆ. ಅದು ಎಲ್ಲಕ್ಕಿಂತ ಸುಳ್ಳಾಗಿ ಕೇಳಿಸಿತು.

ದಿನಕರ್ಮ ಮುಗಿದ ಮೇಲೆ ನೀಲವ್ವ ನನ್ನನ್ನು ಕರೆಸಿದರು. ಕಣ್ಣು ಒಣಗಿದ್ದವು. “ಖರೇ ಹೇಳು. ಎರಡನೇ ಸಲ ಕರದಾಂವ ನೀನಽ ಏನು? ಗವಾಯಿಗಳಽ ಬಂದಿದ್ರ... ನನ್ನ ಜೀವಕ್ಕೊಂದು ಸಮಾಧಾನ.”

“ನಾನಲ್ರೀ ಅವ್ವಾರ. ಉಸಿರು ಆಮ್ಯಾಲ ಬಂತ್ರೀ, ನಾ ಕೇಳೇನಿ.”

ನೀಲವ್ವ ನನ್ನ ಮುಖ ನೋಡಿದರು. “ಇಷ್ಟಾದ ಮ್ಯಾಲೂ ಮಷ್ಕಿರಿ ಬಿಡಲಿಲ್ಲಲೋ ನೀ,” ಎಂದು ಒಳಗೆ ಹೋದರು. ಬಾಗಿಲು ಹಾಕಿಕೊಂಡರು.

ಮುಂದಿನ ವರ್ಷ ಅದೇ ಬಯಲಿನಲ್ಲಿ ಆರ್ಕೆಸ್ಟ್ರಾ ಆಯಿತು. ನಾನು ಹೋಗಲಿಲ್ಲ.

ಮಿಮಿಕ್ರಿ ಬಿಟ್ಟೆ. ‘ಬರ್ರಿ’ ಅನ್ನುವುದನ್ನೂ ಬಿಟ್ಟೆ. ಮಿಮಿಕ್ರಿ ಬಿಡುವುದು ಸುಲಭ. ಆದರೆ ನಮ್ಮ ಕಡೆ ಬಾಗಿಲಿಗೆ ಬಂದವರಿಗೆ ‘ಬರ್ರಿ’ ಅನ್ನದಿದ್ದರೆ ಮುಖಕ್ಕೆ ಬಾಗಿಲು ಹಾಕಿದಂತೆ. ಕೈ ಮುಗಿದು, ಎಮ್ಮೆಯ ಹಾಗೆ ತಲೆ ಆಡಿಸಿ ನಿಲ್ಲುತ್ತೇನೆ. ನಮ್ಮೂರು ಬಾಗೇವಾಡಿಯಲ್ಲಿ ನನಗೆ ಸೊಕ್ಕು ಬಂದಿದೆ ಎಂದು ಮಾತಾಗಿದೆ. ಆಗಲಿ ಬಿಡಿ.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಮೊನ್ನೆ ಸೋಮವಾರ, ದೀಪ ಹಚ್ಚುವ ಹೊತ್ತು. ಅವ್ವ ಸಂತೆಯಿಂದ ಬಂದು ಹೊಸ್ತಿಲಲ್ಲಿ ನಿಂತು, “ಚೀಲಾ ಹಿಡಿಯೋ, ಕೈ ಸೋತಾವು” ಎಂದಳು. ನಾನು ತಂಬಿಗೆ ಎತ್ತಿ ನೀರು ಕುಡಿಯುತ್ತಿದ್ದೆ.

“ಹಾಂ... ಬರ್ರಿ.”

ಅವ್ವ ನಕ್ಕಳು. “ಏನಲೇ, ಹಡದಾಕಿಗೆ ‘ರೀ’ ಹಚ್ಚಿ ಕರೀತಿ? ಭಾಳ ದಿನಕ್ಕ ಮಂಗನಾಟ ಸುರು ಮಾಡಿದಿ!”

ನೀರು ಇನ್ನೂ ನನ್ನ ಬಾಯಲ್ಲಿತ್ತು. ನುಂಗಿರಲಿಲ್ಲ.

ನನ್ನ ಬೆನ್ನ ಹಿಂದೆ, ಖಾಲಿ ಮನೆಯೊಳಗೆ, ಯಾರೋ ನಿಧಾನವಾಗಿ ಉಸಿರು ಎಳೆದುಕೊಂಡರು.

“ಬಂದ್ನೆಪಾ, ಬಂದ್ನಿ,” ಎನ್ನುತ್ತ ಅವ್ವ ಹೊಸ್ತಿಲು ದಾಟಿದಳು.

ಈಗ ಒಳಗೆ ಮಲಗಿದ್ದಾಳೆ. ಆರಾಮಾಗಿಯೇ ಇದ್ದಾಳೆ. ನಾನು ಗೋಡೆಗೆ ಕಿವಿಗೊಟ್ಟು ಕೂತಿದ್ದೇನೆ... ಒಳಗಿನ ಉಸಿರು ಒಂದೇ ಇದೆಯೋ, ಎರಡೋ ಎಂದು.