ಅಣ್ಣನ ತಡೆಗೋಡೆ, ವೈನಿಯ ಟ್ರಂಕು

ಪ್ರತಿ ವರ್ಷ ಮಿರಗ, ಅಂದರೆ ಮೃಗಶಿರಾ ಮಳೆ ಹತ್ತಿರ ಬಂತೆಂದರೆ ಗೋಕಾಕದ ಕೆಳಗಿನ ಓಣಿಯಿಂದ ನಮ್ಮ ವೈನಿಯ ಟ್ರಂಕು ಏರಿನ ಮೇಲಿರುವ ನಮ್ಮ ಮನೆಗೆ ಬರುತ್ತದೆ. ವೈನಿಯೆಂದರೆ ನನ್ನ ದೊಡ್ಡಪ್ಪನ ಮಗ ಅಣ್ಣನ ಹೆಂಡತಿ. ಅವರ ಹಿತ್ತಲಲ್ಲಿ ನಿಂತು ಕೂಗಿದರೆ ಹೊಳೆಯ ಆಚೆ ದಂಡೆಗೆ ಕೇಳಿಸುತ್ತದೆ, ಅಷ್ಟು ಹತ್ತಿರ. ಹೊಳೆ ಉಕ್ಕಿದರೆ ನೀರು ನುಗ್ಗುವ ಕೆಳಗಿನ ಓಣಿಯ ಪ್ರತಿ ಮನೆಗೂ ಹೀಗೆ ಮೇಲೊಂದು ಮನೆ ಗೊತ್ತಾಗಿರುತ್ತದೆ. ಯಾರೂ ಕೂತು ಮಾಡಿದ ಕರಾರಲ್ಲ. ಮಳೆಗಾಲದ ಮೊದಲು ಟ್ರಂಕು ಏರುತ್ತದೆ, ದಸರೆಗೆ ಇಳಿಯುತ್ತದೆ. ನಮ್ಮ ಅಡುಗೆಮನೆಯಲ್ಲಿ ಜೋಳದ ಚೀಲದ ಬಾಜೂ ಅದರ ಜಾಗ.

ಅದರೊಳಗೆ ಮನೆಯ ಉತಾರದ ಕಾಗದ, ರೇಷನ್ ಕಾರ್ಡು, ಮಗಳ ಮಾರ್ಕ್ಸ್ ಕಾರ್ಡುಗಳು, ಹುಕ್ಕೇರಿಯ ತವರಿನಿಂದ ಬಂದ ಒಂದು ಇಳಕಲ್ ಸೀರೆ. ದೊಡ್ಡ ನೀರು ಬಂದ ವರ್ಷ ಮಾತ್ರ ಟ್ರಂಕು ಕೆಳಗೇ ಉಳಿದಿತ್ತು. "ಈ ವರ್ಷ ಬರಂಗಿಲ್ಲ ತಗೋ" ಎಂದು ಅಣ್ಣ ಹೇಳಿದ್ದ, ವೈನಿ ನಂಬಿದ್ದರು. ನೀರಿಳಿದ ಮೇಲೆ ನೋಡಿದರೆ ಮಾರ್ಕ್ಸ್ ಕಾರ್ಡುಗಳು ಒಂದಕ್ಕೊಂದು ಅಂಟಿ ಹಸಿ ಹಪ್ಪಳದ ಗಂಟಾಗಿದ್ದವು. ವೈನಿ ನನ್ನ ರೊಟ್ಟಿ ಹಂಚಿನ ಕಾವಿಗೆ ಹಿಡಿದು ಒಂದೊಂದನ್ನೇ ಬಿಡಿಸಿದರು. ಎರಡು ಉಳಿದವು, ಒಂದು ಹರಿಯಿತು.

ಈ ಸಲ ಅಣ್ಣ ನಗರಸಭೆ ಚುನಾವಣೆಗೆ ನಿಂತ. ದಿನಾ ಮೂಡಲಗಿಗೆ ಹೋಗಿ ದಲಾಲರ ಅಡತಿ ಅಂಗಡಿಯಲ್ಲಿ ಕೆಲಸ ಮಾಡುವವನು, ಹ್ಯಾಂಡ್‌ಬಿಲ್ಲನ್ನೂ ಅಲ್ಲೇ ಅಚ್ಚು ಹಾಕಿಸಿಕೊಂಡು ಬಂದ. 'ಹವಾಮಾನ ಬದಲಾವಣೆ ಎದುರಿಸಲು ನನ್ನ ಯೋಜನೆ' ಎಂದು ದಪ್ಪಕ್ಷರದ ತಲೆಬರಹ. ಹಿಂದಿನ ಚುನಾವಣೆಗಳಲ್ಲಿ ಗಟಾರ, ನಳ, ಬೀದಿ ದೀಪ, ಇಷ್ಟೇ ಇರುತ್ತಿದ್ದವು. ಗಟಾರ ಈಗಲೂ ಇತ್ತು, ಆದರೆ ಬಡ್ತಿ ಪಡೆದು ಹವಾಮಾನ ಬದಲಾವಣೆಯ ಕೆಳಗೆ ಬಂದಿತ್ತು. ಎಲ್ಲಕ್ಕಿಂತ ಮೇಲೆ, ಹೊಳೆಯ ದಂಡೆಗೆ ಹತ್ತು ಫೂಟಿನ ತಡೆಗೋಡೆ. ಇನ್ನು ಮುಂದೆ ಓಣಿಗೆ ನೀರೇ ಬರುವುದಿಲ್ಲ ಎಂಬ ಭರವಸೆ.

ಎದುರಿನ ಅಭ್ಯರ್ಥಿಯ ಹ್ಯಾಂಡ್‌ಬಿಲ್ಲಿನಲ್ಲಿ ಗೋಡೆ ಹನ್ನೆರಡು ಫೂಟಿತ್ತು. ಎರಡೇ ದಿನಕ್ಕೆ ಅಣ್ಣನ ಗೋಡೆ ಹದಿಮೂರಾಯಿತು. ವಾರದೊಳಗೆ ಅವರದು ಹದಿನೈದು. ಒಂದು ಬುಟ್ಟಿ ಸಿಮೆಂಟೂ ಇಲ್ಲದೆ ಇಷ್ಟು ಭರದಲ್ಲಿ ಏರಿದ ಗೋಡೆಯನ್ನು ನಾನಂತೂ ಇನ್ನೆಲ್ಲೂ ಕಂಡಿಲ್ಲ.

ಟ್ರಂಕು ಆಗಲೇ ನಮ್ಮಲ್ಲಿಗೆ ಬಂದು ಕೂತಿತ್ತು. ಒಂದು ಮಧ್ಯಾಹ್ನ ನಾನು ರೊಟ್ಟಿ ಬಡಿಯುತ್ತಿದ್ದಾಗ ಅಣ್ಣ ಗಾಡಿ ತಂದು ಬಾಗಿಲಿಗೆ ನಿಲ್ಲಿಸಿದ. ಕೊರಳಲ್ಲಿ ಪ್ರಚಾರದ ಶಾಲು, ಅದರಲ್ಲೇ ಮುಖ ಒರೆಸಿಕೊಂಡ.

"ತಂಗಿ, ಆ ಟ್ರಂಕ್ ಕೊಡವಾ. ಮನಿಗೆ ಒಯ್ತೀನಿ."

"ಮಿರಗ ಇನ್ನೂ ಬಂದಿಲ್ಲ, ಆಗಲೇ ದಸರಾ ಮಾಡಾಕ ಹೊಂಟಿ ಏನಣ್ಣಾ?"

"ಚ್ಯಾಷ್ಟಿ ಸಾಕು. ನೀರ ಬರಂಗಿಲ್ಲ ಅಂತ ಮೈಕಿನ್ಯಾಗ ಹೇಳಾಕತ್ತೇನಿ. ನನ್ನ ಟ್ರಂಕ್ ಏರಿನ ಮ್ಯಾಲ ಕುಂತೈತಿ ಅಂತ ಎದುರಿನವ್ರಿಗೆ ಗೊತ್ತಾದ್ರ ನನ್ನ ಇಲೆಕ್ಷನ್ ಅಲ್ಲಿಗೇ ಮುಗೀತು."

ಅಷ್ಟರಲ್ಲಿ ಹಿಂದೆಯೇ ವೈನಿ ಬಂದರು. ಬಿಸಿಲಿನಲ್ಲಿ ಏರು ಹತ್ತಿ ಏದುಸಿರು ಬಿಡುತ್ತಿದ್ದರು. ಒಳಗೆ ಬಂದವರೇ ಟ್ರಂಕಿನ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕಿಕೊಂಡರು.

"ಏಳ," ಅಂದ ಅಣ್ಣ.

"ಏಳಂಗಿಲ್ಲ. ನೀವ ಮೊದಲ ಗ್ವಾಡಿ ಕಟ್ರಿ. ನೀರ ಹೊಡೀರಿ, ಗಟ್ಟಿ ಆಗ್ಲಿ. ಒಂದ್ ಮಳಿಗಾಲ ನಿಂತ್ ತೋರಸ್ಲಿ. ಆಮ್ಯಾಲ ನಾನ ತಲಿ ಮ್ಯಾಲ ಹೊತ್ಕೊಂಡ್ ಬರ್ತೀನಿ."

"ಊರ ಮಂದಿ ನಂಬಾಕತ್ತಾರ, ಮನ್ಯಾಗಿನಾಕಿ ನಂಬವಲ್ಲಿ."

"ಒಮ್ಮಿ ನಂಬಿದ್ನಲ್ರಿ. ಮಾರ್ಕ್ಸ್ ಕಾರ್ಡ್ ಹಂಚಿನ ಮ್ಯಾಲ ಬೇಯಿಸಿದ್ದು ಮರ್ತೀರೇನು?"

ನಾನು ರೊಟ್ಟಿ, ಝುಣಕ ಬಡಿಸಿದೆ. ಅಣ್ಣ ಸಿಟ್ಟಿನಲ್ಲಿ ಮೂರು ರೊಟ್ಟಿ ತಿಂದ. ಕೈ ತೊಳೆದು ಮೆಲ್ಲಗೆ ಕೇಳಿದ, "ವೋಟಾದ್ರೂ ನನಗ ಹಾಕ್ತಿಯೋ ಇಲ್ಲೋ?"

"ವೋಟ್ ನಿಮಗ. ಟ್ರಂಕ್ ಇಲ್ಲೆ."

ವೈನಿ ಎದ್ದ ಮೇಲೆ ಟ್ರಂಕಿಗೆ ನನ್ನದೊಂದು ಹಳೆಯ ಕೌದಿ ಹೊದಿಸಿ, ಯಾರಿಗೂ ಹೇಳಬೇಡವೆಂದು ನನಗೆ ಕೈಮುಗಿದು ಅಣ್ಣ ಬರಿಗೈಯಲ್ಲಿ ಹೋದ.

ಪ್ರಚಾರದ ಕೊನೆಯ ಸಂಜೆ ಕೆಳಗಿನ ಓಣಿಯ ಕಟ್ಟೆಯ ಮುಂದೆ ಅಣ್ಣನ ಸಭೆಯಿತ್ತು. ನಾನೂ ವೈನಿಯೂ ಹೆಂಗಸರ ಸಾಲಿನಲ್ಲಿ ಕೂತಿದ್ದೆವು. ಎದುರಿನ ಪಾರ್ಟಿಯ ನಾಲ್ಕು ಜನ ಚಹಾದಂಗಡಿಯ ಬಾಗಿಲಲ್ಲಿ ನಿಂತು ಕಿವಿ ಕೊಟ್ಟಿದ್ದರು. ಅಣ್ಣ ಗೋಡೆಯ ಮಾತಿಗೆ ಬಂದಾಗ ಬಳೆ ಅಂಗಡಿಯ ಚಾಚಿ ಮೊಣಕಾಲು ಹಿಡಿದುಕೊಂಡು ಎದ್ದು ನಿಂತಳು. ಒಂದೇ ಕೋಣೆಯ ಅಂಗಡಿ ಅವಳದು, ತುಂಬ ಗಾಜಿನ ಬಳೆ. ಮಳೆಗಾಲಕ್ಕೆ ಅವಳ ಬಳೆ ಡಬ್ಬಿಗಳು ಹೋಗುತ್ತಿದ್ದ ಮೇಲಿನ ಮನೆಯವರು ಈ ವರ್ಷವೇ ಸಂಕೇಶ್ವರಕ್ಕೆ ಸಂಸಾರ ಕಿತ್ತುಕೊಂಡು ಹೋಗಿದ್ದರು.

"ಬೇಟಾ, ಒಂದ್ ಮಾತ್ ಖರೆ ಹೇಳ. ನೀರ ಬರಂಗಿಲ್ಲ ಅಂತಿ. ಹಂಗಾರ ಈ ವರ್ಷ ಡಬ್ಬಿ ಮ್ಯಾಲ ಒಯ್ಯೂದ್ ಬಿಡ್ಲೇನು? ಕಾಲ ಭಾಳ ನೋಯ್ತಾವು."

ಅವಳು ಕಾಲೆಳೆಯಲು ಕೇಳಿದ್ದಲ್ಲ. ಇವನು ಬಿಡು ಅಂದರೆ ಖಂಡಿತ ಬಿಡುತ್ತಿದ್ದಳು. ಅಣ್ಣ ಮೈಕು ಹಿಡಿದೇ ಚಹಾದಂಗಡಿಯ ಕಡೆ ನೋಡಿದ, ವೈನಿಯ ಕಡೆ ನೋಡಿದ. ವೈನಿ ನೆಲ ನೋಡುತ್ತಿದ್ದರು.

"ಬಿಡಬ್ಯಾಡ್ರಿ ಚಾಚಿ," ಅಂದ ಕೊನೆಗೆ. "ಒಯ್ರಿ. ನಮ್ಮ ಟ್ರಂಕೂ ಮ್ಯಾಲ ಹೋಗೈತಿ."

ಚಹಾದಂಗಡಿಯವರು ಸಿಳ್ಳೆ ಹೊಡೆದರು. "ಗ್ವಾಡಿ ಬಿತ್ತಲೇ!" ಎಂದು ಒಬ್ಬ ಕೂಗಿದ. ಸಭೆಯೂ ನಕ್ಕಿತು, ನಾನೂ ನಕ್ಕೆ. ಅಣ್ಣ ಹ್ಯಾಂಡ್‌ಬಿಲ್ಲು ಮಡಚಿ ಕಿಸೆಗೆ ಹಾಕಿದ. ಆಮೇಲೆ ಮಾತಾಡಿದ್ದೆಲ್ಲ ಅವನಿಗೆ ಗೊತ್ತಿದ್ದ ಸಂಗತಿ: ಮೇಲೆ ಯಾರ ಮನೆಯಲ್ಲಿ ಜಾಗ ಉಳಿದಿದೆ, ಯಾರ ಮೆಟ್ಟಿಲು ಮುದುಕರಿಗೆ ಆಗುತ್ತದೆ, ಎಮ್ಮೆ ಎಲ್ಲಿ ಕಟ್ಟಬೇಕು, ಯಾವ ನಾಲಾದ ಹೂಳು ಮಿರಗದೊಳಗೆ ತೆಗೆಸದಿದ್ದರೆ ನೀರು ಹಿಂದೆ ತಿರುಗುತ್ತದೆ. ಚಾಚಿಯ ಡಬ್ಬಿಗಳಿಗೆ ನನ್ನನ್ನು ಒಂದು ಮಾತೂ ಕೇಳದೆ ನನ್ನ ಮನೆ ಬರೆದುಕೊಟ್ಟ. ಗೋಡೆಯ ಹೆಸರನ್ನು ಮತ್ತೆ ತೆಗೆಯಲಿಲ್ಲ.

ಅಣ್ಣ ಸೋತ. ಹದಿನೈದು ಫೂಟಿನವರು ಗೆದ್ದು ಗುಲಾಲು ಹಾರಿಸಿದರು.

ಮಿರಗ ಇನ್ನೆರಡು ದಿನ ಇದೆ ಎನ್ನುವಾಗ ಅಣ್ಣ ಮೂಡಲಗಿಗೆ ರಜೆ ಹಾಕಿ ಚಾಚಿಯ ಅಂಗಡಿಗೆ ಹೋದ. ಡಬ್ಬಿಗಳನ್ನು ಗಾಡಿಯ ಮೇಲೆ ಕಟ್ಟಿ ನಾಲ್ಕು ಖೇಪು ಏರಿಸಿದ. ಕೊನೆಯ ಖೇಪಿಗೆ ಚಾಚಿಯೇ ಹಿಂದೆ ಕೂತು ಬಂದಳು. ನಮ್ಮ ಅಡುಗೆಮನೆಯಲ್ಲಿ ಕಾಲು ನೀಡಿ ಕೂತು, ವೈನಿ ಕೊಟ್ಟ ಚಹಾ ಕುಡಿಯುತ್ತ, ಅಣ್ಣ ಡಬ್ಬಿ ಇಳಿಸುವುದನ್ನು ನೋಡುತ್ತಿದ್ದಳು.

"ಬೇಟಾ, ಸುಳ್ಳ್ಯಾಕ ಹೇಳ್ಲಿ, ವೋಟ್ ನಿನಗ ಹಾಕಿಲ್ಲ. ಅವ್ರ ಗ್ವಾಡಿ ಎತ್ತರ ಇತ್ತು."

"ಗೊತ್ತೈತಿ ಬಿಡ್ರಿ ಚಾಚಿ."

"ಆ ಹಸರ ಬಳಿ ಡಬ್ಬಿ ಜ್ವಾಕಿ. ತೆಳಗ ಇಡಬ್ಯಾಡ."

ಅಣ್ಣ ಅದನ್ನು ಎತ್ತಿ ಟ್ರಂಕಿನ ಮೇಲಿಟ್ಟ.