ಉತ್ತರ ಬರಲಿ, ಆಮೇಲೆ ಪದ್ಯ

ಆ ಭಾನುವಾರ ಮುಂಬಯಿಯ ಲೋಕಲ್ ರೈಲುಗಳಿಗೆ ಮೆಗಾಬ್ಲಾಕ್, ಹಳಿ ದುರಸ್ತಿಗೆಂದು ಅರ್ಧ ಗಾಡಿಗಳು ರದ್ದು. ಸಾನಪಾಡಾದಿಂದ ಡೊಂಬಿವಲಿಗೆ ಹೊರಟ ಅಶ್ಮಿತಾ ಠಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸುವಾಗ ಮಗಳ ಹಣೆ ಮುಟ್ಟಿ ನೋಡಿದಳು. ಅತ್ತೆಯ ಮುಖವನ್ನೂ ನೋಡಿದಳು. ಮಗುವಿಗೆ ಜ್ವರವಿರಲಿಲ್ಲ, ಅತ್ತೆಗೆ ಭಯವಿರಲಿಲ್ಲ. ಎರಡೂ ಸೇರಿ ತನಗೇ ಬಂದಂತಿತ್ತು.

"ಬಿಪಿ ಮಾತ್ರೆ ತಗೊಂಡಿರಲ್ಲ ಅತ್ತೆ? ನಡುವಲ್ಲಿ ಮಾತು ಮರೆತುಹೋದರೆ? ನಾನು ಬರೆದುಕೊಟ್ಟ ಚೀಟಿ ಎಲ್ಲಿ?"

"ಮನೆಯಲ್ಲೇ ಉಂಟು. ಚೀಟಿ ನೋಡಿ ಮಾತಾಡುವವ ಕರ್ಣ ಅಲ್ಲ ಮಾರಾಯ್ತಿ, ಗುಮಾಸ್ತ."

ಅತ್ತೆ ಪುಷ್ಪಾವತಿ ಉಡುಪಿಯ ಕಡೆಯಿಂದ ಮದುವೆಯಾಗಿ ಬಂದಾಗ ಹತ್ತೊಂಬತ್ತು. ಗಂಡ ನೋಡಿಕೊಳ್ಳುತ್ತಿದ್ದ ಠಾಣೆಯ ಹೋಟೆಲಿನ ಮಾಳಿಗೆಯಲ್ಲಿ ತಿಂಗಳಿಗೊಮ್ಮೆ ತಾಳಮದ್ದಲೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಹಾಡಿದ ಪದ್ಯಕ್ಕೆ ಪಾತ್ರಧಾರಿಗಳು ಕೂತಲ್ಲೇ, ಆ ಕ್ಷಣಕ್ಕೆ ಹೊಳೆದ ಮಾತಿನಲ್ಲೇ ಯುದ್ಧ ಮಾಡಬೇಕು. ಗಂಡಸರು ಮಾತಾಡುತ್ತಿದ್ದರು, ಪುಷ್ಪಾವತಿ ಚಹಾ ಕಳಿಸುತ್ತಿದ್ದಳು. ಮೂವತ್ತೆರಡು ವರ್ಷ ಬಾಗಿಲ ಹಿಂದೆ ನಿಂತು ಕೇಳಿದಳು. ಮನೆಗೆ ಬಂದು ಕುಕ್ಕರಿನ ಮುಂದೆ ಎರಡೂ ಪಕ್ಷದ ಮಾತು ಒಬ್ಬಳೇ ಆಡಿದಳು. ಈ ವರ್ಷ ತಾಳಮದ್ದಲೆ ನಡೆಸುವ ಮಂಡಳಿಗೆ ಹೋಗಿ ಕರ್ಣನ ಪಾತ್ರವನ್ನೇ ಕೇಳಿದಳು.

"ಪುಷ್ಪಕ್ಕ, ಕುಂತಿ ಮಾಡಿ. ನಿಮಗೆ ಒಪ್ತದೆ," ಎಂದರು ಅಧ್ಯಕ್ಷ ಪ್ರೇಮನಾಥರು.

ಅವಳು ಜಗ್ಗಲಿಲ್ಲ. ಒಂದು ಸಲ ಕೊಡುವುದು, ಮಾತಿಗೆ ತಡವರಿಸಿದರೆ ಇನ್ನೆಂದೂ ಕೇಳಬಾರದು ಎಂದು ಠರಾವಾಯಿತು. ಅರ್ಜುನ ಪ್ರೇಮನಾಥರೇ.

ಡೊಂಬಿವಲಿಯ ಸಭಾಂಗಣ ತುಂಬಿತ್ತು. ಮೊದಲ ಪದ್ಯ ಮುಗಿಯುತ್ತಲೇ ಪ್ರೇಮನಾಥರು ನಕ್ಕು, "ಎಲೈ ಕರ್ಣ, ಚಹಾ ಸೋಸುವ ಕೈಗೆ ಬಿಲ್ಲೇಕೆ?" ಎಂದರು.

ಪಾತ್ರವನ್ನು ಬಿಟ್ಟು ಪಾತ್ರಧಾರಿಯನ್ನು ಹಂಗಿಸುವುದು ತಾಳಮದ್ದಲೆಯಲ್ಲಿ ಸಲ್ಲದು. ಆದರೂ ಸಭೆ ನಕ್ಕಿತು. ಅಶ್ಮಿತಾ ಮಗುವನ್ನೆತ್ತಿಕೊಂಡು ಕಾಲಲ್ಲೇ ಚಪ್ಪಲಿ ಹುಡುಕತೊಡಗಿದಳು.

ಪುಷ್ಪಾವತಿ ಸೆರಗು ಸಿಕ್ಕಿಸಿಕೊಂಡಳು. "ಹೌದು ಪಾರ್ಥ, ಸೂತನ ಮನೆಯ ಕೈ. ಕೆಲಸ ಮಾಡಿ ಗೊತ್ತು. ನಿನ್ನದೆಂಬುದು ಏನಿದೆ? ಬಿಲ್ಲು ಅಗ್ನಿ ಕೊಡಿಸಿದ್ದು, ಧ್ವಜದಲ್ಲಿ ಹನುಮಂತ, ಲಗಾಮು ಕೃಷ್ಣನ ಕೈಯಲ್ಲಿ. ಕವಚ ಕಿತ್ತು ದಾನ ಕೊಟ್ಟು ಬರಿಮೈಯಲ್ಲಿ ಬಂದವನು ನಾನು. ನಮ್ಮಿಬ್ಬರಲ್ಲಿ ಶೂರನಾರು?"

"ಕೊಡುಗೈ ಇದ್ದವನೆಲ್ಲ ಧರ್ಮಿಷ್ಠನಲ್ಲ. ದ್ರೌಪದಿಯ ಸೀರೆ ಎಳೆಯುವಾಗ ನಕ್ಕವನು ನೀನು."

ಇದೇ ಪ್ರಶ್ನೆ ಅಶ್ಮಿತಾ ಬರೆದುಕೊಟ್ಟ ಚೀಟಿಯಲ್ಲಿತ್ತು. ದುರ್ಯೋಧನನ ಋಣಕ್ಕೆ ನಕ್ಕೆ ಎಂದು ಜಾರಿಕೊಳ್ಳುವ ಉತ್ತರವೂ ಇತ್ತು.

"ನಕ್ಕೆ," ಎಂದಳು ಪುಷ್ಪಾವತಿ. "ಆ ಪಾಪ ನನ್ನದೇ, ದುರ್ಯೋಧನನ ತಲೆಗೆ ಕಟ್ಟುವುದಿಲ್ಲ. ನೀನು ಅವಳ ಗಂಡ. ತಲೆ ತಗ್ಗಿಸಿ ಕೂತೆಯಲ್ಲ, ಅದನ್ನು ಯಾರ ತಲೆಗೆ ಕಟ್ಟುತ್ತೀ? ಅಣ್ಣನ ತಲೆಗೋ?"

ಪ್ರೇಮನಾಥರ ನಾಲಿಗೆಯ ತುದಿಯಲ್ಲಿದ್ದದ್ದು ಜೂಜಾಡಿದ ಆ ಅಣ್ಣನೇ; ಆ ದಾರಿಯನ್ನು ಅವಳು ಮುಚ್ಚಿಯಾಗಿತ್ತು. ಅವರು ಭಾಗವತರತ್ತ ನೋಡಿದರು. ಮಾತು ನಿಂತುಹೋದವರನ್ನು ಮುಂದಿನ ಪದ್ಯ ಎತ್ತಿ ಉಳಿಸುವುದು ಭಾಗವತರ ರೂಢಿ. ತಾಳ ಸದ್ದಾಯಿತು.

ಪುಷ್ಪಾವತಿ ಅಂಗೈ ಎತ್ತಿದಳು. "ಉತ್ತರ ಬರಲಿ ಭಾಗವತರೇ. ಆಮೇಲೆ ಪದ್ಯ."

ತಾಳ ನಿಂತಿತು. ಉತ್ತರ ಬರಲಿಲ್ಲ. ಅಶ್ಮಿತಾ ಚಪ್ಪಲಿ ಬಿಟ್ಟು ಕೂತಳು.

ಕಥೆಯ ದಾರಿ ಕಥೆಗೆ; ಕೊನೆಗೆ ಕರ್ಣ ಬಿದ್ದ. ಹೆಗಲ ಶಲ್ಯ ಮಡಚುತ್ತ ಪ್ರೇಮನಾಥರು, "ಬಿದ್ದದ್ದು ನೀವೇ ಅಲ್ವಾ ಪುಷ್ಪಕ್ಕ?" ಎಂದರು.

"ಬೀಳುವುದು ಕರ್ಣನ ಪಾಲಿಗೆ ಬರೆದದ್ದು. ಬರುವ ತಿಂಗಳು ಅರ್ಜುನ ನಾನು, ಕರ್ಣ ನೀವು. ಅದೇ ಪ್ರಶ್ನೆ ಕೇಳಿ. ನನ್ನ ಹತ್ತಿರ ಉತ್ತರ ಉಂಟು."

ಪ್ರೇಮನಾಥರು ಮಡಚಿದ ಶಲ್ಯವನ್ನು ಬಿಡಿಸಿ ಮತ್ತೆ ಮಡಚಿದರು. ಆಮೇಲೆ ಕಾರ್ಯದರ್ಶಿ ಯತಿನ್‌ನ ಕಡೆ ತಿರುಗಿ, "ಬರ್ಕೋ," ಎಂದರು.